ಕೇಳಬೇಕಾದ್ದನ್ನು ಮೊದಲೇ ಕೇಳಿ: ಸಂಘದ ಸಭೆಯಲ್ಲಿ ಬೇಡಿಕೆ ಮಂಡಿಸುವ ಬಗೆ



ರಾಸುಗಳ ಆರೋಗ್ಯ, ಮೇವು, ಗರ್ಭಧಾರಣೆಯ ಬಗ್ಗೆ ನಾವು ಆಗಾಗ ಮಾತಾಡುತ್ತಲೇ ಇರುತ್ತೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಕೊಟ್ಟಿಗೆಯಲ್ಲಿ ನಿಮಗೆ ಗೊತ್ತಿರುವ ವಿಷಯವನ್ನು ಸಭೆಯಲ್ಲಿ ಕುಳಿತವರು ಒಪ್ಪುವ ಹಾಗೆ ಹೇಳುವುದು ಹೇಗೆ ಎಂಬುದೇ ಈ ಪಾಠ.

ಯಾವ ಹಸು ಇವತ್ತು ಅರ್ಧ ಲೀಟರ್ ಕಡಿಮೆ ಕೊಟ್ಟಿತು, ಯಾವುದು ಕರೆಯುವಾಗ ಕಾಲೆತ್ತಿತು, ಯಾವುದರ ಕೆಚ್ಚಲು ಬಿಸಿಯಾಗಿದೆ ಎಂಬುದು ನಿಮಗೆ ತಿಳಿದಷ್ಟು ಅಧ್ಯಕ್ಷರಿಗೂ ತಿಳಿದಿಲ್ಲ, ನನಗೂ ತಿಳಿದಿಲ್ಲ. ಆದರೂ ಸರ್ವ ಸದಸ್ಯರ ಸಭೆಯಲ್ಲಿ ನೀವು ಎದ್ದು ನಿಂತಾಗ ಬರುವ ಉತ್ತರ ಬಹಳ ಸಲ ಒಂದೇ: "ಆಯ್ತಮ್ಮ, ಮುಂದೆ ನೋಡೋಣ." ಆ "ಮುಂದೆ" ಬರುವಷ್ಟರಲ್ಲಿ ಒಂದು ಹಸುವಿನ ಒಂದು ಮೊಲೆ ಬತ್ತಿ ಹೋಗಿರುತ್ತದೆ. ಎಷ್ಟೋ ಸಲ ತೊಂದರೆ ಇರುವುದು ನಿಮ್ಮ ಬೇಡಿಕೆಯಲ್ಲಿ ಅಲ್ಲ, ಅದನ್ನು ಹೇಳುವ ಕ್ರಮದಲ್ಲಿ. ಕ್ರಮವನ್ನು ಕಲಿಯಬಹುದು.

ಈ ಕ್ರಮ ಎಲ್ಲಿಂದ ಬಂತು?

ದೊಡ್ಡ ದೊಡ್ಡ ಕಂಪನಿಗಳಿಗೆ "ನೀವು ಹೀಗೆ ಮಾಡಿ" ಎಂದು ಸಲಹೆ ಕೊಡುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳಿವೆ. ಅವುಗಳಲ್ಲಿ ಹೆಸರಾದದ್ದು ಮೆಕಿನ್ಸೆ. 1926ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಶುರುವಾದದ್ದು. 1963ರಲ್ಲಿ ಬಾರ್ಬರಾ ಮಿಂಟೋ ಎಂಬ ಹೆಣ್ಣುಮಗಳು ಅಲ್ಲಿ ಕೆಲಸಕ್ಕೆ ಸೇರಿದರು. ಎಂಬಿಎ ಓದಿ ಆ ಸಂಸ್ಥೆಯಲ್ಲಿ ಸಲಹೆಗಾರ್ತಿಯಾದ ಮೊದಲ ಮಹಿಳೆ ಅವರು. ಮುಂದೆ ಲಂಡನ್ ಕಚೇರಿಗೆ ಹೋಗಿ, ಅಲ್ಲಿನ ಸಲಹೆಗಾರರ ವರದಿಗಳನ್ನು ತಿದ್ದುವ ಕೆಲಸ ಮಾಡಿದರು. ಅವರು ಕಂಡುಕೊಂಡದ್ದು ಇಷ್ಟು: ವರದಿ ಅರ್ಥವಾಗದಿರುವುದಕ್ಕೆ ಭಾಷೆ ಕಾರಣವಲ್ಲ, ವಿಚಾರಗಳನ್ನು ಜೋಡಿಸಿದ ರೀತಿ ಕಾರಣ. ಮೊದಲು ಉತ್ತರ ಹೇಳಬೇಕು, ಆಮೇಲೆ ಅದಕ್ಕೆ ಕಾರಣಗಳು, ಪ್ರತಿ ಕಾರಣದ ಕೆಳಗೆ ಪುರಾವೆ. ಮೇಲೆ ತುದಿ, ಕೆಳಗೆ ಅಗಲವಾದ ಬುಡ ಇರುವ ಗೋಪುರದ ಹಾಗೆ. ಇದನ್ನು ಅವರು ಪಿರಮಿಡ್ ತತ್ವ ಎಂದು ಕರೆದರು. ಇವತ್ತಿಗೂ ಸಲಹಾ ಕಂಪನಿಗಳಲ್ಲಿ ಹೊಸಬರಿಗೆ ಕಲಿಸುವುದು ಇದನ್ನೇ.

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಮೂರು ಡ್ರಾಯಿಂಗ್ ಶೀಟ್, ಒಂದು ದಪ್ಪ ಪೆನ್ನು, ನಿಮ್ಮ ಹಾಲಿನ ಪಾಸ್ ಪುಸ್ತಕ ಸಾಕು.

ನಮ್ಮ ಉದಾಹರಣೆ: ಕಣ್ಣಿಗೆ ಕಾಣದ ಕೆಚ್ಚಲು ಬಾವು

ಕೆಚ್ಚಲು ಊದಿ, ಕೆಂಪಾಗಿ, ಹಾಲು ಒಡೆದು ಬಂದರೆ ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು ಬಗೆಯ ಕೆಚ್ಚಲು ಬಾವು ಹೊರಗೆ ಏನೂ ತೋರಿಸುವುದಿಲ್ಲ. ಕೆಚ್ಚಲು ಮೆತ್ತಗೇ ಇರುತ್ತದೆ, ಹಾಲು ಬೆಳ್ಳಗೇ ಇರುತ್ತದೆ. ಹಾಲಿನ ಅಳತೆ ಮಾತ್ರ ಇಳಿಯುತ್ತದೆ, ಎಸ್‌ಎನ್‌ಎಫ್ ಕೂಡ ಕುಸಿಯಬಹುದು. ಮನೆಯವರು ಹಿಂಡಿ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಒಂದು ಹಸುವಿನಿಂದ ಇನ್ನೊಂದಕ್ಕೆ ಕರೆಯುವ ಕೈ, ಒರೆಸುವ ಬಟ್ಟೆಯ ಮೂಲಕ ರೋಗ ಹರಡುತ್ತಲೇ ಇರುತ್ತದೆ.

ಇದನ್ನು ಪತ್ತೆ ಮಾಡಲು ಸಿಎಂಟಿ ಎಂಬ ಸುಲಭ ಪರೀಕ್ಷೆ ಇದೆ. ನಾಲ್ಕು ಬಟ್ಟಲಿನ ಒಂದು ತಟ್ಟೆಗೆ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಸ್ವಲ್ಪ ಕರೆದು, ಅಷ್ಟೇ ಪ್ರಮಾಣದ ದ್ರಾವಣ ಹಾಕಿ ಅಲ್ಲಾಡಿಸಬೇಕು. ಸೋಂಕಿದ್ದ ಕಡೆ ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚಿರುತ್ತವೆ. ಅಂಥ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಕರೆದ ಮೇಲೆ ಮೊಲೆತೊಟ್ಟನ್ನು ಸೋಂಕು ನಿವಾರಕ ದ್ರಾವಣದಲ್ಲಿ ಅದ್ದುವುದು ಹೊಸ ಸೋಂಕನ್ನು ತಡೆಯುವ ಒಳ್ಳೆಯ ದಾರಿ. ಕರೆದು ಮುಗಿದ ಮೇಲೆ ಸುಮಾರು ಅರ್ಧ ಗಂಟೆ ತೊಟ್ಟಿನ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ಮೇವು ಹಾಕಿ ಹಸು ಮಲಗದಂತೆ ನೋಡಿಕೊಳ್ಳಿ ಎಂದು ನಾವು ಹೇಳುವುದು.

ಈಗ ಒಂದು ಸಂಘವನ್ನು ಕಲ್ಪಿಸಿಕೊಳ್ಳೋಣ. 60 ಸದಸ್ಯೆಯರು, 100 ಕರೆಯುವ ಹಸುಗಳು. ಎಲ್ಲ ಹಸುಗಳಿಗೂ ತಿಂಗಳಿಗೊಮ್ಮೆ ಸಿಎಂಟಿ ಪರೀಕ್ಷೆ ಆಗಬೇಕು, ಅದಕ್ಕೆ ಸಂಘ ಹಣ ಕೊಡಬೇಕು ಎಂಬುದು ನಿಮ್ಮ ಬೇಡಿಕೆ. ಮುಂದೆ ಬರುವ ಅಂಕಿಗಳೆಲ್ಲ ಲೆಕ್ಕ ಹಾಕುವುದನ್ನು ಕಲಿಯಲಿಕ್ಕೆ ಮಾತ್ರ. ನಿಮ್ಮೂರಿನ ಅಂಕಿಗಳನ್ನು ನೀವೇ ತುಂಬಿಕೊಳ್ಳಬೇಕು.

ಹೆಜ್ಜೆ 1: ಮೊದಲು ಪುರಾವೆ ಕೂಡಿಸಿ

"ಎಲ್ಲರ ಮನೆಯಲ್ಲೂ ಹಾಲು ಕಮ್ಮಿಯಾಗಿದೆ" ಎಂಬುದು ಮಾತು. "10 ಮನೆಗಳ 20 ಹಸು ಪರೀಕ್ಷಿಸಿದೆವು, 4 ಹಸುಗಳಲ್ಲಿ ಸೋಂಕು ಸಿಕ್ಕಿತು" ಎಂಬುದು ಪುರಾವೆ.

ಸಭೆಗೆ ಒಂದು ತಿಂಗಳು ಮುಂಚೆಯೇ ನಿಮ್ಮ ಮಾರ್ಗದ ಪಶುವೈದ್ಯರನ್ನೋ ವಿಸ್ತರಣಾಧಿಕಾರಿಯನ್ನೋ ಕೇಳಿ, 10 ಮನೆಗಳಲ್ಲಿ ಪರೀಕ್ಷೆ ಮಾಡಿಸಿ. ಕಾಯಿಲೆ ಇದೆ ಎಂದು ಅನುಮಾನವಿರುವ ಮನೆಗಳನ್ನೇ ಆರಿಸಬೇಡಿ. ಹಾಗೆ ಮಾಡಿದರೆ "ಕಾಯಿಲೆ ಹಸು ಹುಡುಕಿಕೊಂಡು ಹೋಗಿದ್ದೀರಿ" ಎಂದು ಸಭೆಯಲ್ಲಿ ಯಾರಾದರೂ ಹೇಳುತ್ತಾರೆ, ಅವರ ಮಾತು ಸರಿಯೂ ಆಗಿರುತ್ತದೆ. ಪ್ರತಿ ಕೇರಿಯಿಂದ ಎರಡು ಮೂರು ಮನೆ ತೆಗೆದುಕೊಳ್ಳಿ. ಕರು ಹಾಕಿ ವಾರವಾಗದ ಹಸುಗಳನ್ನು ಬಿಡಿ, ಗಿಣ್ಣು ಹಾಲಿನಲ್ಲಿ ಈ ಪರೀಕ್ಷೆ ಸರಿಯಾದ ಫಲ ಕೊಡುವುದಿಲ್ಲ.

ಜೊತೆಗೆ ಸೋಂಕು ಸಿಕ್ಕ ಮನೆಗಳ ಪಾಸ್ ಪುಸ್ತಕ ತೆಗೆದು, ಹಿಂದಿನ ಬಟವಾಡೆಗಳಲ್ಲಿ ಹಾಲು ಎಷ್ಟಿತ್ತು, ಈಗ ಎಷ್ಟಿದೆ, ಎಸ್‌ಎನ್‌ಎಫ್ ಎಷ್ಟು ಇಳಿದಿದೆ ಎಂದು ಬರೆದುಕೊಳ್ಳಿ. ಹಾಲು ಬತ್ತಿಸುವ ಕಾಲಕ್ಕೆ ಬಂದ ಹಸುವಿನ ಇಳಿಕೆಯನ್ನು ಇದರಲ್ಲಿ ಸೇರಿಸಬೇಡಿ. ಇದು ಸಂಘದ್ದೇ ದಾಖಲೆ. ಇದನ್ನು ಯಾರೂ ತಳ್ಳಿಹಾಕಲಾರರು.

ಹೆಜ್ಜೆ 2: ಬೇಡಿಕೆಯನ್ನು ಒಂದೇ ವಾಕ್ಯದಲ್ಲಿ ಹೇಳಿ

ನಾವು ಸಾಮಾನ್ಯವಾಗಿ ಮಾತು ಶುರು ಮಾಡುವುದು ಹೀಗೆ: "ಅಧ್ಯಕ್ಷರೇ, ಹೋದ ತಿಂಗಳು ನಮ್ಮ ಗೌರಿ ಇದ್ದಕ್ಕಿದ್ದ ಹಾಗೆ ಹಾಲು ಕಮ್ಮಿ ಮಾಡಿದ್ಲು, ಹಿಂಡಿ ಬದಲಾಯಿಸಿದ್ವಿ, ನಮ್ಮತ್ತೆ ದೃಷ್ಟಿ ತೆಗೆದ್ರು, ಆಮೇಲೆ ಡಾಕ್ಟ್ರು ಬಂದು ನೋಡಿದ್ರು..." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನೀವು ಕೇಳಬೇಕಾದ್ದಕ್ಕೆ ಬರುವ ಹೊತ್ತಿಗೆ ಅರ್ಧ ಜನ ಪಕ್ಕದವರ ಜೊತೆ ಮಾತಿಗಿಳಿದಿರುತ್ತಾರೆ. ಅಧ್ಯಕ್ಷರು ಗಡಿಯಾರ ನೋಡುತ್ತಿರುತ್ತಾರೆ.

ಅದೇ ಮಾತನ್ನು ಹೀಗೆ ಹೇಳಿ ನೋಡಿ:

"ಅಧ್ಯಕ್ಷರೇ, ನಮ್ಮೂರಿನ ಹಸುಗಳಲ್ಲಿ ಹೊರಗೆ ಕಾಣದ ಕೆಚ್ಚಲು ಬಾವು ಸಿಕ್ಕಿದೆ. ಮುಂದಿನ 6 ತಿಂಗಳು ಎಲ್ಲ ಹಸುಗಳಿಗೂ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಲು ಸಂಘದಿಂದ 22,000 ರೂಪಾಯಿ ಮಂಜೂರು ಮಾಡಬೇಕು. ಮೊಲೆತೊಟ್ಟು ಅದ್ದುವ ದ್ರಾವಣದ ಖರ್ಚನ್ನು ಸದಸ್ಯೆಯರೇ ಹಾಕಿಕೊಳ್ಳುತ್ತೇವೆ."

ಏನು ಬೇಕು, ಯಾರಿಂದ ಬೇಕು, ಎಷ್ಟು, ಎಲ್ಲಿಯವರೆಗೆ, ನಮ್ಮ ಪಾಲು ಏನು. ಐದೂ ಇದರಲ್ಲಿವೆ. ಸಲಹೆಗಾರರು ಹೊಸಬರನ್ನು ಹೀಗೆ ಪರೀಕ್ಷಿಸುವುದುಂಟು: ಲಿಫ್ಟ್‌ನಲ್ಲಿ ಯಜಮಾನರ ಜೊತೆ ಇಳಿಯುವಷ್ಟರಲ್ಲಿ ವಿಷಯ ಹೇಳಿ ಮುಗಿಸಬೇಕು. ನಮ್ಮಲ್ಲಿ ಹಾಲಿನ ಗಾಡಿಗೆ ಕ್ಯಾನ್ ಏರಿಸುವಷ್ಟರಲ್ಲಿ ಕಾರ್ಯದರ್ಶಿಗೆ ಹೇಳಿ ಮುಗಿಸಲು ಆಗುತ್ತದೆಯೇ ನೋಡಿಕೊಳ್ಳಿ. ಆಗದಿದ್ದರೆ ಬೇಡಿಕೆ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ.

ಗೌರಿಯ ಕಥೆಯನ್ನು ಬಿಡಬೇಕಿಲ್ಲ. ಅದರ ಜಾಗ ಬೇಡಿಕೆಯ ನಂತರ, ಪುರಾವೆಯ ಜೊತೆ.

ಹೆಜ್ಜೆ 3: ಕಾರಣಗಳನ್ನು ಕೆಚ್ಚಲಿನ ಹಾಗೆ ಜೋಡಿಸಿ

ಹಸುವಿನ ಕೆಚ್ಚಲಿಗೆ ನಾಲ್ಕು ಭಾಗ. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ನಾಲ್ಕೂ ಸೇರಿದರೆ ಪೂರ್ತಿ ಕೆಚ್ಚಲು, ಹೊರಗೆ ಏನೂ ಉಳಿಯುವುದಿಲ್ಲ. ಸಲಹೆಗಾರರು ಕಾರಣಗಳನ್ನು ಜೋಡಿಸುವುದೂ ಹಾಗೆಯೇ. ಒಂದು ಕಾರಣ ಇನ್ನೊಂದರ ಮೇಲೆ ಬೀಳಬಾರದು, ಮುಖ್ಯವಾದದ್ದು ಯಾವುದೂ ಹೊರಗುಳಿಯಬಾರದು.

"ಹಾಲು ಕಮ್ಮಿಯಾಗುತ್ತದೆ, ದುಡ್ಡು ಕಮ್ಮಿ ಬರುತ್ತದೆ, ನಷ್ಟವಾಗುತ್ತದೆ" ಎಂದರೆ ಮೂರು ಕಾರಣ ಹೇಳಿದಂತಲ್ಲ. ಒಂದನ್ನೇ ಮೂರು ಸಲ ಹೇಳಿದಂತೆ. ಅದರ ಬದಲು ಹೀಗೆ ಜೋಡಿಸಿ:

ಒಂದು, ರೋಗ ನಮ್ಮೂರಿನಲ್ಲಿದೆ, ಹೊರಗೆ ಕಾಣುತ್ತಿಲ್ಲ.
ಎರಡು, ಅದರಿಂದ ಆಗುವ ನಷ್ಟ ತಡೆಯುವ ಖರ್ಚಿಗಿಂತ ದೊಡ್ಡದು.
ಮೂರು, ತಡೆಯುವ ಕೆಲಸ ನಮ್ಮ ಕೈಯಲ್ಲೇ ಆಗುತ್ತದೆ.

ಇದೆಯೇ, ದುಡ್ಡಿಗೆ ತಕ್ಕದ್ದೇ, ಮಾಡಲಾಗುತ್ತದೆಯೇ? ಆಡಳಿತ ಮಂಡಳಿಯವರ ಮನಸ್ಸಿನಲ್ಲಿ ಏಳುವ ಮೂರು ಪ್ರಶ್ನೆಗಳೂ ಇವೇ. ಪ್ರತಿ ಕಾರಣ ಬರೆದ ಮೇಲೆ "ಸರಿ, ಅದರಿಂದೇನೀಗ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. "ಎಸ್‌ಎನ್‌ಎಫ್ ಇಳಿದಿದೆ" ಎಂದು ಬರೆದರೆ ಅದರಿಂದೇನೀಗ? "ಲೀಟರಿಗೆ ಸಿಗುವ ದರ ಇಳಿದಿದೆ." ಬರೆಯಬೇಕಾದ್ದು ಈ ಎರಡನೆಯ ಮಾತು.

ಹೆಜ್ಜೆ 4: ಲೆಕ್ಕವನ್ನು ಎಲ್ಲರ ಮುಂದೆ ಹಾಕಿ

20 ಹಸುಗಳಲ್ಲಿ 4ಕ್ಕೆ ಸೋಂಕು ಸಿಕ್ಕಿತ್ತು. ಅದೇ ಪ್ರಮಾಣದಲ್ಲಿ 100 ಹಸುಗಳಲ್ಲಿ 20 ಇರಬಹುದು. ಒಂದೊಂದು ಹಸು ದಿನಕ್ಕೆ 1 ಲೀಟರ್ ಕಡಿಮೆ ಕೊಟ್ಟರೆ, ಲೀಟರಿಗೆ 35 ರೂಪಾಯಿಯಂತೆ:

20 ಹಸು × 1 ಲೀಟರ್ × 30 ದಿನ = 600 ಲೀಟರ್.
600 ಲೀಟರ್ × 35 ರೂಪಾಯಿ = ತಿಂಗಳಿಗೆ 21,000 ರೂಪಾಯಿ ನಷ್ಟ.
6 ತಿಂಗಳಿಗೆ 1,26,000 ರೂಪಾಯಿ.

ಈಗ ಖರ್ಚು:

ಪರೀಕ್ಷೆಯ ತಟ್ಟೆ, ತೊಟ್ಟು ಅದ್ದುವ ಬಟ್ಟಲುಗಳು, ಒಂದು ಸಲಕ್ಕೆ: 10,000 ರೂಪಾಯಿ.
ಪರೀಕ್ಷಾ ದ್ರಾವಣ ಮತ್ತು ಪರೀಕ್ಷೆ ಮಾಡುವವರ ಗೌರವಧನ, ತಿಂಗಳಿಗೆ 2,000ದಂತೆ 6 ತಿಂಗಳಿಗೆ: 12,000 ರೂಪಾಯಿ.
ಸಂಘದ ಪಾಲು ಒಟ್ಟು: 22,000 ರೂಪಾಯಿ.
ತೊಟ್ಟು ಅದ್ದುವ ದ್ರಾವಣ, ಹಸುವಿಗೆ ತಿಂಗಳಿಗೆ 40 ರೂಪಾಯಿಯಂತೆ 100 ಹಸುಗಳಿಗೆ 6 ತಿಂಗಳಿಗೆ, ಸದಸ್ಯೆಯರ ಪಾಲು: 24,000 ರೂಪಾಯಿ.
ಎರಡೂ ಸೇರಿ: 46,000 ರೂಪಾಯಿ.

ಇಲ್ಲೊಂದು ಎಚ್ಚರಿಕೆ. 1,26,000 ಪೂರ್ತಿ ಉಳಿಯುತ್ತದೆ ಎಂದು ಯಾವತ್ತೂ ಹೇಳಬೇಡಿ. ಎಲ್ಲ ಹಸುವೂ ಸರಿಹೋಗುವುದಿಲ್ಲ, ಮೊದಲ ತಿಂಗಳಲ್ಲೇ ಫಲ ಕಾಣುವುದೂ ಇಲ್ಲ. "ಅರ್ಧ ನಷ್ಟ ತಪ್ಪಿದರೂ 63,000 ರೂಪಾಯಿ ಉಳಿಯುತ್ತದೆ, ಖರ್ಚು 46,000" ಎಂದು ಹೇಳಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಸೋಂಕು ಸಿಕ್ಕ ಹಸುಗಳ ಚಿಕಿತ್ಸೆಯ ಖರ್ಚು ಇದರಲ್ಲಿ ಸೇರಿಲ್ಲ" ಎಂದೂ ನೀವೇ ಹೇಳಿ. ಲೆಕ್ಕದಲ್ಲಿ ಬಿಟ್ಟದ್ದನ್ನು ನೀವಾಗಿಯೇ ಹೇಳಿದರೆ ಉಳಿದ ಲೆಕ್ಕವನ್ನು ಜನ ನಂಬುತ್ತಾರೆ. ಬೇರೆಯವರು ಕಂಡುಹಿಡಿದರೆ ಸರಿಯಿದ್ದ ಲೆಕ್ಕವನ್ನೂ ನಂಬುವುದಿಲ್ಲ.

ಸದಸ್ಯೆಯರಿಗೆ ಹೇಳುವಾಗ ದೊಡ್ಡ ಮೊತ್ತ ಬೇಡ. "ಹಸುವಿಗೆ ತಿಂಗಳಿಗೆ 40 ರೂಪಾಯಿ, ಅಂದರೆ ಒಂದು ಲೀಟರ್ ಹಾಲಿನ ಬೆಲೆಗಿಂತ ಸ್ವಲ್ಪ ಹೆಚ್ಚು" ಎನ್ನಿ. ಅದು ತಕ್ಷಣ ಅರ್ಥವಾಗುತ್ತದೆ.

ಹೆಜ್ಜೆ 5: ಮೂರೇ ಹಾಳೆ, ತಲೆಬರಹದಲ್ಲೇ ವಿಷಯ

ಮೆಕಿನ್ಸೆಯಲ್ಲಿ ಚಿತ್ರ, ನಕ್ಷೆಗಳ ಕೆಲಸ ನೋಡಿಕೊಳ್ಳುತ್ತಿದ್ದ ಜೀನ್ ಝೆಲಾಜ್ನಿ ಎಂಬವರು ಒಂದು ಮಾತನ್ನು ಒತ್ತಿ ಹೇಳುತ್ತಿದ್ದರು: ನಕ್ಷೆಯ ತಲೆಬರಹ ಅದು ಯಾವುದರ ಬಗ್ಗೆ ಎಂದಷ್ಟೇ ಹೇಳಬಾರದು, ಅದರಿಂದ ಏನು ತಿಳಿಯಿತು ಎಂದು ಹೇಳಬೇಕು. "ಕೆಚ್ಚಲು ಬಾವು ಪರೀಕ್ಷೆಯ ವಿವರ" ಎಂಬ ತಲೆಬರಹ ಏನನ್ನೂ ತಿಳಿಸುವುದಿಲ್ಲ. "20 ಹಸುಗಳಲ್ಲಿ 4ಕ್ಕೆ ಕಾಣದ ಕೆಚ್ಚಲು ಬಾವು ಇದೆ" ಎಂದು ಬರೆದರೆ ಕೆಳಗಿನದನ್ನು ಓದದವರಿಗೂ ವಿಷಯ ಮುಟ್ಟುತ್ತದೆ.

ಮೊದಲ ಹಾಳೆ: "ನಮ್ಮೂರಿನಲ್ಲಿ 20 ಹಸುಗಳಲ್ಲಿ 4ಕ್ಕೆ ಕಾಣದ ಕೆಚ್ಚಲು ಬಾವು ಇದೆ." ಕೆಳಗೆ 20 ಹಸುಗಳ ಸರಳ ಚಿತ್ರ, ನಾಲ್ಕಕ್ಕೆ ಕೆಂಪು ಬಣ್ಣ. ಪಕ್ಕದಲ್ಲಿ ಒಂದು ಹಸುವಿನ ಪಾಸ್ ಪುಸ್ತಕದ ಅಂಕಿ, ಅಂದು ಮತ್ತು ಇಂದು. ಸೋಂಕು ಸಿಕ್ಕ ಮನೆಯವರ ಹೆಸರು ಬರೆಯಬೇಡಿ, ಅವರಿಗೆ ನಾಲ್ಕು ಜನರೆದುರು ಮುಜುಗರವಾಗಬಾರದು.

ಎರಡನೆಯ ಹಾಳೆ: "ಅರ್ಧ ನಷ್ಟ ತಪ್ಪಿದರೂ ಖರ್ಚಿಗಿಂತ ಉಳಿತಾಯ ಹೆಚ್ಚು." ಕೆಳಗೆ ಎರಡು ಕಂಬ, ಒಂದು 63,000, ಇನ್ನೊಂದು 46,000. ಕಂಬಗಳ ಎತ್ತರ ಅಂಕಿಗೆ ತಕ್ಕ ಹಾಗೇ ಇರಲಿ, ಸ್ಕೇಲು ಹಿಡಿದು ಬರೆಯಿರಿ.

ಮೂರನೆಯ ಹಾಳೆ: "ಕೆಲಸ ಹಂಚಿಕೊಂಡಿದ್ದೇವೆ, ಮುಂದಿನ ತಿಂಗಳೇ ಶುರು ಮಾಡಬಹುದು." ಪರೀಕ್ಷೆ ಮಾಡಲು ಯಾರು ತರಬೇತಿ ಪಡೆಯುತ್ತಾರೆ, ಯಾವ ಕೇರಿಗೆ ಯಾವ ದಿನ, ಲೆಕ್ಕ ಯಾರು ಬರೆಯುತ್ತಾರೆ, 6 ತಿಂಗಳ ನಂತರ ಸಭೆಗೆ ಏನು ವರದಿ ಕೊಡುತ್ತೀರಿ.

ಅಕ್ಷರ ಕಡೆಯ ಸಾಲಿನಲ್ಲಿ ಕುಳಿತವರಿಗೂ ಕಾಣುವಷ್ಟು ದೊಡ್ಡದಿರಲಿ. ಓದು ಬಾರದ ಅಜ್ಜಿಯೊಬ್ಬರಿಗೆ ಹಾಳೆ ತೋರಿಸಿ, ಚಿತ್ರ ನೋಡಿ ಏನು ತಿಳಿಯಿತು ಎಂದು ಕೇಳಿ. ಅವರು ಸರಿಯಾಗಿ ಹೇಳಿದರೆ ಹಾಳೆ ಸರಿಯಿದೆ.

ಹೆಜ್ಜೆ 6: ಸಭೆಗೆ ಮುಂಚಿನ ಕೆಲಸ

ಸಲಹೆಗಾರರು ದೊಡ್ಡ ಸಭೆಯಲ್ಲಿ ಯಾರಿಗೂ ದಿಢೀರನೆ ಹೊಸ ವಿಷಯ ಹೇಳಲು ಹೋಗುವುದಿಲ್ಲ. ತೀರ್ಮಾನ ಮಾಡುವವರನ್ನು ಮೊದಲೇ ಒಬ್ಬೊಬ್ಬರಾಗಿ ಕಂಡು ಮಾತಾಡಿರುತ್ತಾರೆ. ನೀವೂ ಹಾಗೇ ಮಾಡಿ. ಕಾರ್ಯದರ್ಶಿಗೆ ಲೆಕ್ಕ ತೋರಿಸಿ, ತಪ್ಪಿದ್ದರೆ ಅವರೇ ಹೇಳುತ್ತಾರೆ. ನಿಮ್ಮ ವಿಷಯ ಸಭೆಯ ಕಾರ್ಯಸೂಚಿಯಲ್ಲಿ ಸೇರಲಿ ಎಂದು ಮುಂಚಿತವಾಗಿ ಅರ್ಜಿ ಬರೆದು ಕೊಡಿ. ಇಬ್ಬರು ಮೂವರು ನಿರ್ದೇಶಕರ ಮನೆಗೆ ಹೋಗಿ, ಮುಖ್ಯವಾಗಿ ಇದಕ್ಕೆ ಬೇಡ ಎನ್ನಬಹುದಾದವರನ್ನು ಕಂಡು, ಅವರ ಅನುಮಾನ ಏನೆಂದು ಕೇಳಿ.

ಬರಬಹುದಾದ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ.

"ಸರ್ಕಾರಿ ಆಸ್ಪತ್ರೆ ಇದೆಯಲ್ಲ, ಸಂಘ ಯಾಕೆ ಖರ್ಚು ಮಾಡಬೇಕು?" ಆಸ್ಪತ್ರೆಗೆ ಹೋಗುವುದು ರೋಗ ಕಂಡಮೇಲೆ. ಇದು ಕಾಣದ ರೋಗ, ಮನೆಮನೆಗೆ ಹೋಗಿ ಹುಡುಕಬೇಕು.

"ಸೋಂಕು ಸಿಕ್ಕರೆ ಎಲ್ಲ ಹಸುಗಳಿಗೂ ಇಂಜೆಕ್ಷನ್ ಕೊಡಿಸಬೇಕಾ?" ಇಲ್ಲ. ಯಾವುದಕ್ಕೆ ಈಗಲೇ ಔಷಧಿ, ಯಾವುದಕ್ಕೆ ಹಾಲು ಬತ್ತಿಸುವಾಗ ಔಷಧಿ ಎಂದು ವೈದ್ಯರು ನೋಡಿ ಹೇಳುತ್ತಾರೆ. ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು.

"ಬರೀ 20 ಹಸು ನೋಡಿ 100ರ ಲೆಕ್ಕ ಹೇಗೆ ಹೇಳುತ್ತೀರಿ?" ಇದು ನ್ಯಾಯವಾದ ಪ್ರಶ್ನೆ. "ಮೊದಲ ತಿಂಗಳು 100 ಹಸುಗಳನ್ನೂ ಪರೀಕ್ಷಿಸಿ ನಿಜವಾದ ಅಂಕಿಯನ್ನು ಆಡಳಿತ ಮಂಡಳಿಗೆ ಕೊಡುತ್ತೇವೆ. ಸೋಂಕು ತೀರ ಕಡಿಮೆ ಇದ್ದರೆ ಉಳಿದ ಹಣ ಕೇಳುವುದಿಲ್ಲ" ಎಂದು ಹೇಳಿ. ಹೀಗೆ ಹೇಳಿದರೆ ಒಪ್ಪುವವರಿಗೂ ಧೈರ್ಯ ಬರುತ್ತದೆ.

ಗೊತ್ತಿಲ್ಲದ ಪ್ರಶ್ನೆ ಬಂದರೆ "ಕೇಳಿ ತಿಳಿದು ಮುಂದಿನ ವಾರ ಹೇಳುತ್ತೇನೆ" ಎಂದರೆ ಸಾಕು. ಊಹೆ ಮಾಡಿ ಉತ್ತರ ಕೊಡಬೇಡಿ.

ಸಭೆಯ ದಿನ

ಇಬ್ಬರು ಹೋಗಿ. ಒಬ್ಬರು ಹಾಳೆ ಹಿಡಿಯಲಿ, ಒಬ್ಬರು ಮಾತಾಡಲಿ. ಹಾಳೆಗೆ ಎರಡು ನಿಮಿಷ ಸಾಕು, ಒಟ್ಟು ಆರು ನಿಮಿಷ. ಮಾತು ಮುಗಿಸುವಾಗ ಮೊದಲು ಹೇಳಿದ ಬೇಡಿಕೆಯ ವಾಕ್ಯವನ್ನೇ ಇನ್ನೊಮ್ಮೆ ಹೇಳಿ, ಸುಮ್ಮನೆ ನಿಲ್ಲಿ. "ಏನೋ ನಮಗೆ ತಿಳಿದದ್ದು ಹೇಳಿದ್ವಿ, ದೊಡ್ಡವರು ನೀವು ನೋಡಿ ಮಾಡಿ" ಎಂಬ ಮಾತು ಬೇಡ. ವಿನಯ ಒಳ್ಳೆಯದೇ, ಆದರೆ ಆ ಮಾತಿನಿಂದ ನಿಮ್ಮ ಲೆಕ್ಕದ ತೂಕ ನೀವೇ ಇಳಿಸಿದಂತಾಗುತ್ತದೆ.

ಒಪ್ಪಿಗೆ ಸಿಕ್ಕರೆ ಚಪ್ಪಾಳೆಗೆ ಬಿಡಬೇಡಿ. ಎಷ್ಟು ಹಣ, ಯಾವ ಕೆಲಸಕ್ಕೆ, ಯಾವಾಗಿನಿಂದ ಎಂಬುದು ನಿರ್ಣಯ ಪುಸ್ತಕದಲ್ಲಿ ಬರೆದಾಗಿದೆಯೇ ಎಂದು ಓದಿಸಿ ಕೇಳಿ. ಒಪ್ಪದಿದ್ದರೆ ಯಾವ ಕಾರಣಕ್ಕೆ ಎಂದು ಕೇಳಿ ಬರೆದುಕೊಳ್ಳಿ. ರೋಗ ಇದೆ ಎಂಬುದನ್ನು ನಂಬಲಿಲ್ಲವೇ, ಹಣ ಹೆಚ್ಚಾಯಿತೇ, ಕೆಲಸ ನಡೆಯುವುದಿಲ್ಲ ಎಂದರೇ? ಮೂರರಲ್ಲಿ ಯಾವುದು ಎಂದು ತಿಳಿದರೆ ಮುಂದಿನ ಸಲ ಯಾವ ಹಾಳೆ ತಿದ್ದಬೇಕು ಎಂಬುದೂ ತಿಳಿಯುತ್ತದೆ.

ಬ್ಯಾಂಕಿನಲ್ಲಿ ಹಸು ಸಾಲ ಕೇಳುವಾಗ, ಪಂಚಾಯಿತಿಯಲ್ಲಿ ಕುಡಿಯುವ ನೀರಿನ ತೊಟ್ಟಿ ಕೇಳುವಾಗ, ಒಕ್ಕೂಟದಲ್ಲಿ ಮೇವು ಕತ್ತರಿಸುವ ಯಂತ್ರ ಕೇಳುವಾಗಲೂ ಕ್ರಮ ಇದೇ: ಮೊದಲು ಬೇಡಿಕೆ, ಆಮೇಲೆ ಮೂರು ಕಾರಣ, ಪ್ರತಿ ಕಾರಣಕ್ಕೆ ನಿಮ್ಮದೇ ಪುಸ್ತಕದ ಪುರಾವೆ. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಸಂಘಕ್ಕೆ ತೀರ ಬೇಕಾದದ್ದು ಯಾವುದು ಎಂದು ನಾಲ್ಕು ಜನ ಕುಳಿತು ಮಾತಾಡಿ, ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದು ಕೆಚ್ಚಲು ಬಾವಿನ ಪರೀಕ್ಷೆಯೇ ಆಗಿದ್ದರೆ, ನಿಮ್ಮ ಮಾರ್ಗದ ಪಶುವೈದ್ಯರು ಬಂದಾಗ ಆ ಚೀಟಿಯನ್ನು ಅವರ ಕೈಗೆ ಕೊಡಿ. ಮೊದಲ 10 ಮನೆಗಳ ಪರೀಕ್ಷೆಗೆ ಅಲ್ಲೇ ದಿನ ಗೊತ್ತು ಮಾಡಿಕೊಳ್ಳಿ.